ಫ್ರೇಮ್‌ವರ್ಕ್ ಆರಿಸುವ ಮೊದಲು ಒಂದು ಬಿಡಿಭಾಗ ಕಿತ್ತು ನೋಡಿ

ಓಪನ್ ಸೋರ್ಸ್ ಫ್ರೇಮ್‌ವರ್ಕ್ (ಆ್ಯಪ್ ಕಟ್ಟಲು ಬೇಕಾದ ಸಿದ್ಧ ಕೋಡ್‌ನ ಚೌಕಟ್ಟು) ಆರಿಸುವಾಗ ಅದರ ಹಿಂದೆ ನಿಜವಾದ ಸಮುದಾಯ ಇದೆಯೇ, ಅದು ನಿಜವಾಗಿ ಮಾಡ್ಯುಲರ್ ಆಗಿದೆಯೇ ಎಂದು ನೋಡಬೇಕು. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಸ್ಟಾರ್‌ಗಳನ್ನು (ಮೆಚ್ಚುಗೆಯ ಗುರುತು) ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸ್ಟಾರ್ ಒತ್ತಿದವರು ಬಗ್ ಸರಿಪಡಿಸಲು ಬರುವುದಿಲ್ಲ. ರೆಪೊ (ಯೋಜನೆಯ ಕೋಡ್ ಸಂಗ್ರಹ) ನಿಮ್ಮ ಕಂಪ್ಯೂಟರ್‌ಗೆ ಕ್ಲೋನ್ ಮಾಡಿಕೊಂಡು, ಕಳೆದ 12 ತಿಂಗಳಿಗೆ ಮಿತಿ ಹಾಕಿ ಗಿಟ್ ಶಾರ್ಟ್‌ಲಾಗ್ ಎಂಬ ಕಮಾಂಡ್ ರನ್ ಮಾಡಿ. ಯಾರದು ಎಷ್ಟು ಕಮಿಟ್ (ಕೋಡ್‌ಗೆ ದಾಖಲಾದ ಬದಲಾವಣೆ) ಎಂಬ ಪಟ್ಟಿ ಸಿಗುತ್ತದೆ. ಬಾಟ್‌ಗಳನ್ನು (ತಾವಾಗಿಯೇ ಕಮಿಟ್ ಹಾಕುವ ಪ್ರೋಗ್ರಾಂಗಳನ್ನು) ಬಿಟ್ಟು ಎಣಿಸಿ. ಅರ್ಧಕ್ಕಿಂತ ಹೆಚ್ಚು ಕಮಿಟ್ ಒಬ್ಬರದೇ ಆಗಿದ್ದರೆ ಅದನ್ನು ಸಮುದಾಯ ಅನ್ನಲಾಗದು, ಅವರು ಬೇಸತ್ತ ದಿನ ಕೆಲಸ ನಿಂತೀತು. ಎಲ್ಲರ ಈಮೇಲ್ ಒಂದೇ ಕಂಪನಿಯದಾಗಿದ್ದರೆ ಲೈಸೆನ್ಸ್ (ಬಳಕೆಯ ಷರತ್ತುಗಳು) ಕಡೆ ಕಣ್ಣಿಡಿ, ಆ ಕಂಪನಿ ಅದನ್ನು ಬದಲಿಸಬಹುದು. ಡೇಟಾಬೇಸ್ ಆಗಿದ್ದರೂ ರೆಡಿಸ್ ಇಲ್ಲಿ ಒಳ್ಳೆಯ ಪಾಠ: 2024ರ ಮಾರ್ಚ್‌ನಲ್ಲಿ ಅದರ ಹಿಂದಿನ ಕಂಪನಿ ಲೈಸೆನ್ಸ್ ಬದಲಿಸಿತು, ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕಿ ಎಂಬ ಫೋರ್ಕ್ (ಅದೇ ಕೋಡ್‌ನಿಂದ ಕವಲೊಡೆದ ಬೇರೆ ಯೋಜನೆ) ಶುರುವಾಯಿತು.

ಬಿಡುಗಡೆಯ ವೇಳಾಪಟ್ಟಿ ಮೊದಲೇ ಪ್ರಕಟವಾಗಿರಬೇಕು. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೊದಲ್ಲಿ ಎರಡು ವರ್ಷಕ್ಕೊಂದು ದೀರ್ಘಾವಧಿ ಆವೃತ್ತಿ, ಅದಕ್ಕೆ ಸುಮಾರು ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್. ಹೀಗಿದ್ದರೆ ಅಪ್‌ಗ್ರೇಡ್‌ಗೆ ಯಾವಾಗ ಜನ ಬೇಕು ಎಂದು ಈಗಲೇ ಲೆಕ್ಕ ಹಾಕಬಹುದು.

ಇನ್ನು ‘ಮಾಡ್ಯುಲರ್’ (ಬಿಡಿಬಿಡಿ ಭಾಗಗಳಾಗಿ ತೆಗೆದು ಬದಲಿಸಬಹುದಾದ) ಎಂಬ ಮಾತು. ಅದನ್ನು ಬರೆಯದ ಡಾಕ್ಯುಮೆಂಟೇಶನ್ ಇಲ್ಲ, ಹಾಗಾಗಿ ಎರಡು ದಿನ ಇಟ್ಟು ಪರೀಕ್ಷಿಸುವುದೇ ಸರಿ. ಒಂದು ಲಾಗಿನ್, ಒಂದು ಟೇಬಲ್, ಒಂದು ಸ್ಕ್ರೀನ್ ಇರುವ ಪುಟ್ಟ ಆ್ಯಪ್ ಕಟ್ಟಿ. ಆಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋಗಿ. ಜ್ಯಾಂಗೊದಲ್ಲಿ ಟೆಂಪ್ಲೇಟ್ ಎಂಜಿನ್ (ಪುಟದ ಮಾದರಿಗೆ ಡೇಟಾ ತುಂಬುವ ಭಾಗ) ತೆಗೆದು ಜಿಂಜಾ2 ಹಾಕಲು ಸೆಟ್ಟಿಂಗ್ಸ್‌ನಲ್ಲಿ ಕೆಲವು ಸಾಲು ಸಾಕು (ನಿಮ್ಮ ಟೆಂಪ್ಲೇಟ್‌ಗಳನ್ನು ತಿದ್ದುವ ಕೆಲಸ ಬೇರೆ). ಓಆರ್‌ಎಂ (ಕೋಡ್ ಮತ್ತು ಡೇಟಾಬೇಸ್ ಟೇಬಲ್‌ಗಳನ್ನು ಬೆಸೆಯುವ ಭಾಗ) ತೆಗೆಯಲು ಹೋದರೆ ಅಡ್ಮಿನ್, ಮೈಗ್ರೇಶನ್ (ಟೇಬಲ್ ರಚನೆ ಬದಲಿಸುವ ವ್ಯವಸ್ಥೆ), ಯೂಸರ್ ಮಾಡೆಲ್ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಅದು ದೋಷವೇನಲ್ಲ, ಆದರೆ ನಿಮಗೆ ಬೇರೆ ಓಆರ್‌ಎಂ ಬೇಕೇಬೇಕು ಅಂತಿದ್ದರೆ ಈ ಆಯ್ಕೆ ತಪ್ಪು. ಬಿಡಿಭಾಗಗಳನ್ನು ಹೊರಗಿನವರೂ ಬಳಸುತ್ತಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ: ಪಿಎಚ್‌ಪಿ ಫ್ರೇಮ್‌ವರ್ಕ್ ಸಿಂಫನಿಯ ಕಾಂಪೊನೆಂಟ್‌ಗಳು ಬೇರೆಯವರ ಯೋಜನೆಗಳಾದ ಲಾರಾವೆಲ್, ಡ್ರುಪಲ್ ಎರಡರಲ್ಲೂ ಇವೆ.

ಮಾಡ್ಯೂಲ್ ಹೆಚ್ಚಾದಷ್ಟೂ ಆವೃತ್ತಿಗಳ ತಿಕ್ಕಾಟ ಹೆಚ್ಚು. ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್‌ನ ಒಂದು ಮಾಡ್ಯೂಲ್ ಹೊಸದು, ಇನ್ನೊಂದು ಹಳೆಯದು ಸೇರಿಕೊಂಡರೆ ಕಂಪೈಲ್ ತಕರಾರಿಲ್ಲದೆ ಮುಗಿದು, ಓಡುವಾಗ ಮೆಥಡ್ ಸಿಗಲಿಲ್ಲ ಎಂಬ ಎರರ್ ಬರಬಹುದು. ಹೊಂದುವ ಆವೃತ್ತಿಗಳ ಪಟ್ಟಿಯನ್ನು ಯೋಜನೆಯವರೇ ಕೊಡುತ್ತಾರಾ ನೋಡಿ. ಸ್ಪ್ರಿಂಗ್ ಮೇಲೆ ಕಟ್ಟಿದ ಸ್ಪ್ರಿಂಗ್ ಬೂಟ್ ಕೊಡುತ್ತದೆ. ಕೊಡದಿದ್ದರೆ ಪ್ರತಿ ಅಪ್‌ಗ್ರೇಡ್‌ಗೂ ಮೊದಲು ಡಿಪೆಂಡೆನ್ಸಿ ಟ್ರೀ (ಯಾವ ಮಾಡ್ಯೂಲ್ ಯಾವುದನ್ನು ಅವಲಂಬಿಸಿದೆ ಎಂಬ ಪಟ್ಟಿ) ತೆಗೆದು, ಒಂದೇ ಮಾಡ್ಯೂಲ್ ಎರಡು ಆವೃತ್ತಿಯಲ್ಲಿ ಕೂತಿದೆಯೇ ಎಂದು ಹುಡುಕುವುದು ನಿಮ್ಮ ಪಾಲಿಗೆ ಬರುತ್ತದೆ.