ಎಚ್-ಇಂಡೆಕ್ಸ್ 38 ಅಂದರೆ ಒಳ್ಳೆಯ ಗೈಡಾ?

ಅಕ್ಕನ ಮಗಳು ಎಂ.ಫಾರ್ಮ್ ಮುಗಿಸಿದ್ದಾಳೆ. ನ್ಯೂರೋಫಾರ್ಮಕಾಲಜಿಯಲ್ಲಿ, ಅಂದರೆ ಮೆದುಳು-ನರಗಳ ಮೇಲೆ ಔಷಧಗಳ ಪರಿಣಾಮದ ಬಗ್ಗೆ, ಪಿಎಚ್‌ಡಿ ಮಾಡಬೇಕಂತೆ. "ಮಾಮ, ಈ ಪ್ರೊಫೆಸರ್‌ಗೆ ಎಚ್-ಇಂಡೆಕ್ಸ್ 38 ಇದೆ, ಸೇರಬಹುದಾ?" ಎಂದು ಫೋನ್ ಮಾಡಿದಳು. ಫಾರ್ಮಸಿ ಕಾಲೇಜಿನ ಲೈಬ್ರರಿಯಲ್ಲಿ 22 ವರ್ಷ ಕೂತವನು ನಾನು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಚ್-ಇಂಡೆಕ್ಸ್ ಅಂದರೆ ಒಬ್ಬರ ಸಂಶೋಧನಾ ಪೇಪರ್‌ಗಳನ್ನು ಬೇರೆ ಪೇಪರ್‌ಗಳು ಎಷ್ಟು ಉಲ್ಲೇಖಿಸಿವೆ ಎಂಬುದರ ಅಳತೆ. ಮೊದಲು, ಆ ಪೇಪರ್‌ಗಳು ಅವರದ್ದೇನಾ ನೋಡಿ. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಅಷ್ಟೇ. ಜರ್ನಲ್‌ಗಳು ಅದನ್ನು ಹಿಂದುಮುಂದು ಮಾಡಿ ಹಾಕುತ್ತವೆ. ನಾನೇ ಒಮ್ಮೆ ಒಬ್ಬರ ಪಟ್ಟಿ ಮಾಡಿಕೊಟ್ಟಿದ್ದೆ. ಇಲಿಗಳ ಆತಂಕದ ಮೇಲೆ ಕೆಲಸ ಮಾಡುವವರ ಲೆಕ್ಕಕ್ಕೆ ಕಾಂಕ್ರೀಟ್ ಬಿರುಕಿನ 11 ಪೇಪರ್ ಸೇರಿಬಿಟ್ಟಿದ್ದವು! ಅಂದಿನಿಂದ ಪ್ರತಿ ಸಂಶೋಧಕರಿಗೂ ಬೇರೆಯಾಗಿರುವ 16 ಅಂಕಿಯ ಗುರುತಿನ ಸಂಖ್ಯೆ, ಆರ್ಕಿಡ್ (ORCID) ಐಡಿ, ಹುಡುಕದೆ ನಾನು ಶುರುವೇ ಮಾಡುವುದಿಲ್ಲ.

ಆಮೇಲೆ ಆ 38. ಕನಿಷ್ಠ 38 ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಸಿಕ್ಕ ಪೇಪರ್‌ಗಳು 38 ಇವೆ ಎಂದರ್ಥ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಹೇಳಿಕೊಟ್ಟ ಲೆಕ್ಕ ಇದು. ವಯಸ್ಸಿನ ಜೊತೆ ಏರುತ್ತದೆ, ಕೆಲಸ ನಿಲ್ಲಿಸಿದರೂ ಇಳಿಯುವುದಿಲ್ಲ. ಪೇಪರ್ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಈ ಅಂಕಿಯ ಪಕ್ಕದಲ್ಲೇ ಇತ್ತೀಚಿನ ವರ್ಷಗಳ ಕಾಲಂ ಇರುತ್ತದೆ, ಅದನ್ನು ನೋಡಿ. ಸ್ಕಾಲರ್ ಥೀಸಿಸ್ ಮುಂತಾದವನ್ನೂ ಎಣಿಸುವುದರಿಂದ ಅಂಕಿ ಸ್ಕೋಪಸ್ ಎಂಬ ಇನ್ನೊಂದು ಸೈಟೇಶನ್ ಡೇಟಾಬೇಸ್‌ಗಿಂತ ಸಾಮಾನ್ಯವಾಗಿ ಜಾಸ್ತಿ. ಒಬ್ಬರದ್ದು ಇಲ್ಲಿ, ಇನ್ನೊಬ್ಬರದ್ದು ಅಲ್ಲಿ ನೋಡಿ ಹೋಲಿಸಬೇಡಿ.

ನಿಜವಾದ ಕೆಲಸ ಇನ್ನು ಮುಂದೆ. ಹೆಚ್ಚು ಸೈಟೇಶನ್ ಇರುವ ಐದು ಪೇಪರ್ ತೆರೆಯಿರಿ. ಅವು ರಿವ್ಯೂಗಳಾ (ಬೇರೆಯವರ ಕೆಲಸವನ್ನು ಒಟ್ಟುಮಾಡಿ ಬರೆದವು), ವಿಧಾನಗಳಾ, ಹೊಸ ಸಂಗತಿ ಕಂಡುಹಿಡಿದವಾ? ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ತಂಡ 1951ರಲ್ಲಿ ಬರೆದ ಪೇಪರ್‌ಗೆ ಮೂರು ಲಕ್ಷಕ್ಕೂ ಹೆಚ್ಚು ಸೈಟೇಶನ್. ಲ್ಯಾಬಿನವರಿಗೆಲ್ಲ ಆ ವಿಧಾನ ಬೇಕಿತ್ತು, ಅದಕ್ಕೆ. ಪ್ಯಾಕ್ಸಿನೋಸ್ ಮತ್ತು ವಾಟ್ಸನ್ ಅವರ ಇಲಿ ಮೆದುಳಿನ ಅಟ್ಲಾಸ್‌ನದ್ದೂ ಇದೇ ಕಥೆ: ಇಲಿಯ ಮೆದುಳಿಗೆ ಸೂಜಿ ಇಳಿಸುವವರು ಅದನ್ನು ಹೆಸರಿಸದೆ ಇರುವುದು ಅಪರೂಪ.

ಈಗ ಸ್ವೀಡನ್‌ನ ಔಷಧ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಅವರನ್ನು ನೋಡಿ. ನಮ್ಮ ಸರ್ಪಗಂಧದ ಬೇರಿನಲ್ಲಿರುವ ರೆಸರ್ಪಿನ್ ಕೊಟ್ಟರೆ ಮೊಲಗಳು ಅಲ್ಲಾಡದೆ ಕೂತುಬಿಡುತ್ತವೆ. ಅವರು ಡೋಪಾ (ಮೆದುಳಿನಲ್ಲಿ ಡೋಪಮೈನ್ ಆಗುವ ವಸ್ತು) ಕೊಟ್ಟಾಗ ಮತ್ತೆ ಎದ್ದು ಓಡಾಡಿದವು. 1957ರಲ್ಲಿ 'ನೇಚರ್'ನಲ್ಲಿ ಇದು ಬಂತು, ಒಂದೇ ಪುಟ. 1960ರ ಲಂಡನ್ ಸಭೆಯಲ್ಲಿ ದೊಡ್ಡ ದೊಡ್ಡವರೇ ಅನುಮಾನಪಟ್ಟರು. ಆಗ ಸೈಟೇಶನ್ ಎಣಿಸುವ ಸೂಚಿಯೂ ಇರಲಿಲ್ಲ, ಅದು ಬಂದದ್ದು 1964ರಲ್ಲಿ. ನೊಬೆಲ್ ಸಿಕ್ಕಿದ್ದು 2000ದಲ್ಲಿ. ಆ ಪುಟವನ್ನು ಓದಿದವರಿಗೆ ಮಾತ್ರ ಅದರ ಬೆಲೆ ಗೊತ್ತಾಗುತ್ತಿತ್ತು, ಅಲ್ವಾ?

ಸ್ವಂತ ಸೈಟೇಶನ್ ಬಿಟ್ಟು ಎಣಿಸುವ ಸೌಲಭ್ಯ ಸ್ಕೋಪಸ್‌ನಲ್ಲಿದೆ, ಬಳಸಿ. ಹಿಂತೆಗೆದ ಪೇಪರ್ ಇದ್ದರೆ ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ ಆದ ಪಬ್‌ಮೆಡ್ ಎದ್ದು ಕಾಣುವಂತೆ ತೋರಿಸುತ್ತದೆ.

ಕೊನೆಗೆ ಲೇಖಕರ ಸಾಲು. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದ್ದು, ಕೊನೆಯದ್ದು ಲ್ಯಾಬಿನ ಯಜಮಾನರದ್ದು. ನಡುವೆ ಎಲ್ಲೋ ಇದ್ದರೆ ಅವರ ಪಾಲು ಏನೆಂದು ಕೇಳಿ. ಹುಡುಗಿ ನೋಡಿದಳು. ಮೇಲಿನ ಐದರಲ್ಲಿ ನಾಲ್ಕು ರಿವ್ಯೂ. ಆದರೆ ಕಳೆದ ಮೂರು ವರ್ಷದ ಪೇಪರ್‌ಗಳಲ್ಲಿ ಮೊದಲ ಹೆಸರು ಪ್ರತಿ ಸಲವೂ ಬೇರೆ ಬೇರೆ ವಿದ್ಯಾರ್ಥಿಯದ್ದು. ಅವರಲ್ಲಿ ಒಬ್ಬಳಿಗೆ ಮೇಲ್ ಹಾಕಿದ್ದಾಳೆ. ಭಾನುವಾರ ಫೋನ್‌ನಲ್ಲಿ ಮಾತಾಡುತ್ತಾರಂತೆ.