ಮಕ್ಕಳ ದನಿ ಆ ಕಡೆ ಮುಟ್ಟಬೇಕು: ಹೊರದೇಶದ ತರಗತಿಯ ಜೊತೆ ಪಾಠ ಮಾಡುವುದು ಹೇಗೆ?

ವಿಜಯಪುರದ ಸುತ್ತಮುತ್ತ ಹೆಸರಿನ ಕೊನೆಗೆ ‘ಇಂಟರ್‌ನ್ಯಾಷನಲ್ ಸ್ಕೂಲ್’ ಎಂದು ಬರೆಸಿಕೊಂಡ ಶಾಲೆಗಳು ಈಗ ಬೇಕಾದಷ್ಟಿವೆ. ವರ್ಷಕ್ಕೊಮ್ಮೆಯಾದರೂ ಹೊರದೇಶದ ಶಾಲೆಯ ಜೊತೆ ವಿಡಿಯೋ ಕಾಲ್ ಮಾಡುವ ಆಸೆ ಅವರಿಗೆ. ಕಂಪ್ಯೂಟರ್ ಮೇಷ್ಟ್ರು ಅಂತ ವೈರ್ ಜೋಡಿಸಲು ನನ್ನನ್ನು ಕರೆಯುತ್ತಾರೆ. ಹಾಗೆ ಹೋದ ಒಂದು ಕಡೆ ಬ್ಯಾನರ್ ಕಟ್ಟಿದ್ದರು. ಸ್ವಾಗತ ಗೀತೆ ಆಯಿತು, ಮುಖ್ಯ ಅತಿಥಿಗಳ ಭಾಷಣ ಆಯಿತು, 40 ನಿಮಿಷಕ್ಕೆ ಕಾಲ್ ತಾನಾಗಿ ಕಟ್ ಆಯಿತು. ಮಕ್ಕಳು ಆಡಿದ್ದು ‘ಹಲೋ’ ಒಂದೇ. ಅದೂ ಆ ಕಡೆ ಕೇಳಿಸಲಿಲ್ಲ. ‘ಕೇಳಸ್ತೈತೇನ್ರಿ ಸರ್?’ ಅಂತ ಟೀಚರ್ ನನ್ನನ್ನು ಕೇಳುತ್ತಲೇ ಇದ್ದರು.

1. ಜೊತೆಗಾರ ಶಾಲೆ

ಶಾಲೆಗಳನ್ನು ಜೋಡಿಸುವ ಐಅರ್ನ್ ಜಾಲ 1988ರಿಂದ ಇದೆ, ಅಲ್ಲಿ ಹುಡುಕಬಹುದು. ನಾನಂತೂ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಎನ್ನುತ್ತೇನೆ. ಯಾರದೋ ಅಕ್ಕ ಎಲ್ಲೋ ಟೀಚರ್ ಆಗಿರುತ್ತಾರೆ. ಶಾಲೆ ಶಾಲೆಗಿಂತ ಟೀಚರ್ ಟೀಚರ್ ನಡುವಿನ ಗುರುತು ಗಟ್ಟಿ.

2. ಗಡಿಯಾರ

ಮೊದಲ ಸಲಕ್ಕೆ ಅಮೆರಿಕ ಬೇಡ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಶಾಲೆ ತೆರೆಯುವಾಗ ಚಳಿಗಾಲದಲ್ಲಿ ನಮಗೆ ಸಂಜೆ ಏಳು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಕೀನ್ಯಾ ಎರಡೂವರೆ ಗಂಟೆ ಹಿಂದೆ. ಎರಡೂ ಸುಲಭ. ಬ್ರಿಟನ್ ಕೂಡ ಆಗುತ್ತದೆ, ಆದರೆ ಅಲ್ಲಿ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಮಗಿಂತ ಐದೂವರೆ ಗಂಟೆ ಹಿಂದೆ, ಉಳಿದ ತಿಂಗಳು ನಾಲ್ಕೂವರೆ. ಇದು ಗೊತ್ತಿಲ್ಲದೆ ಒಂದು ಶಾಲೆಯ ಮಕ್ಕಳು ಒಂದು ತಾಸು ಖಾಲಿ ಪರದೆ ನೋಡುತ್ತ ಕುಳಿತಿದ್ದನ್ನು ನೋಡಿದ್ದೇನೆ. ಪತ್ರ ಬರೆಯುವಾಗ ಎರಡೂ ಕಡೆಯ ಸಮಯ ಬರೆಯಿರಿ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ, ಯಾಕೆಂದರೆ 5/3 ಅಂದರೆ ಅಮೆರಿಕದವರಿಗೆ ಮೇ 3.

3. ಪೋಷಕರ ಒಪ್ಪಿಗೆ

ಬರಹದಲ್ಲಿ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಆ ಕಡೆಯ ಮಕ್ಕಳ ಫೋಟೋ ನಿಮ್ಮ ಸ್ಟೇಟಸ್‌ಗೆ ಹಾಕಬೇಡಿ.

4. ಮಕ್ಕಳ ಕೈಗೆ ಕೆಲಸ

ಮಾತಾಡಲು ವಿಷಯವೇ ಇಲ್ಲದಿದ್ದರೆ ಮಕ್ಕಳು ಏನು ಮಾತಾಡುತ್ತಾರೆ? ‘ನಿಮ್ಮ ಹವ್ಯಾಸ ಏನು’ ಎರಡು ನಿಮಿಷಕ್ಕೆ ಮುಗಿಯುತ್ತದೆ. ನನಗೆ ಇಷ್ಟವಾದದ್ದು ನೆರಳು ಅಳೆಯುವ ಕೆಲಸ. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದು ಹೀಗೇ.

ಒಂದು ಮೀಟರ್ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ನಮ್ಮೂರಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಿಯಾಗಿ 12ಕ್ಕಲ್ಲ, ಮಾರ್ಚ್‌ನಲ್ಲಿ 12.30 ದಾಟಿರುತ್ತದೆ. ಅದಕ್ಕೇ 12.10ರಿಂದ 1ರವರೆಗೆ ಐದೈದು ನಿಮಿಷಕ್ಕೆ ಅಳೆದು, ಅತಿ ಗಿಡ್ಡ ನೆರಳನ್ನು ಬರೆದುಕೊಳ್ಳಲಿ. ಮಾರ್ಚ್ 21ರ ಹೊತ್ತಿಗೆ ವಿಜಯಪುರದಲ್ಲಿ ಅದು ಸುಮಾರು 30 ಸೆಂಟಿಮೀಟರ್, ಲಂಡನ್ನಿನಲ್ಲಿ ಸುಮಾರು 125. ಕೋಲು, ನೆರಳು ಎರಡನ್ನೂ ಅಳತೆಗೆ ತಕ್ಕಂತೆ ಚಿಕ್ಕದಾಗಿ ಕಾಗದದ ಮೇಲೆ ಬರೆದು, ಕೋಲಿನ ತುದಿಯ ಕೋನವನ್ನು ಕೋನಮಾಪಕದಲ್ಲಿ ನೋಡಲಿ. ಎರಡು ಊರುಗಳ ಕೋನದ ವ್ಯತ್ಯಾಸ ಸುಮಾರು 35 ಡಿಗ್ರಿ, ಉತ್ತರ-ದಕ್ಷಿಣ ಅಂತರ ಸುಮಾರು 3,850 ಕಿಲೋಮೀಟರ್. 360 ಡಿಗ್ರಿಗೆ ಎಷ್ಟು? 40,000ದ ಹತ್ತಿರ ಬಂದರೆ ಸರಿ. ವಿಮಾನದ ದೂರ ಹಾಕಿದರೆ ಲೆಕ್ಕ ಕೆಡುತ್ತದೆ. ಒಂದು ಕಡೆಯ ಅಳತೆಯಿಂದ ಏನೂ ಆಗದು. ಆ ಕಡೆಯವರನ್ನು ಕೇಳಲೇಬೇಕು, ಅದಕ್ಕೇ ಈ ಕೆಲಸ.

ಅಳತೆ ತುಂಬಲು ಗೂಗಲ್ ಶೀಟ್ ಸಾಕು. ಹಳೆಯ ಸಲಹೆ ಓದಿಕೊಂಡು ಜಾಮ್‌ಬೋರ್ಡ್, ಸ್ಕೈಪ್ ಹುಡುಕಬೇಡಿ. ಮೊದಲನೆಯದು 2024ರ ಕೊನೆಗೆ, ಎರಡನೆಯದು 2025ರ ಮೇನಲ್ಲಿ ಮುಚ್ಚಿದವು.

5. ಧ್ವನಿ

ಎಲ್ಲರೂ ಎಡವುವುದು ಇಲ್ಲೇ. ಚಿತ್ರ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ಮಾತು ಕೇಳದಿದ್ದರೆ ಐದು ನಿಮಿಷಕ್ಕೆ ಗದ್ದಲ ಶುರು.

ಮೊದಲು ಕೋಣೆ. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಏಳು ಸಲ ಮರಳಿ ಬಂದರೆ ಚಂದ. ಟೈಲ್ಸ್ ನೆಲ, ಬರೀ ಗೋಡೆಯ ದೊಡ್ಡ ಹಾಲ್‌ನಲ್ಲೂ ಸಣ್ಣದಾಗಿ ಅದೇ ಆಗುತ್ತದೆ, ಆ ಕಡೆಯವರಿಗೆ ಒಂದಕ್ಷರ ತಿಳಿಯುವುದಿಲ್ಲ. ಹಾಲ್ ಬಿಟ್ಟು ಗ್ರಂಥಾಲಯಕ್ಕೆ ಹೋಗಿ. ಪುಸ್ತಕದ ಕಪಾಟು ಧ್ವನಿಯನ್ನು ಹೀರುತ್ತದೆ. ನೆಲಕ್ಕೆ ದಪ್ಪ ಜಮಖಾನ ಹಾಸಿ. ಮಗು ಮಾತಾಡುವಾಗ ಮೈಕ್ ಮೇಲಿನ ಫ್ಯಾನ್ ಆರಿಸಿ, ಸೆಕೆಯಾದರೂ ಸರಿ.

ಆಮೇಲೆ ಒಂದೇ ಲ್ಯಾಪ್‌ಟಾಪ್, ಒಂದೇ ಮೈಕ್, ಒಂದೇ ಸ್ಪೀಕರ್. ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬರು ಅದೇ ಲಿಂಕ್ ಅನ್ನು ಮೊಬೈಲ್‌ನಲ್ಲಿ ತೆರೆಯುತ್ತಾರೆ, ಕುಂಯ್ ಎಂದು ಕೂಗು ಏಳುತ್ತದೆ. ಎರಡನೇ ಕ್ಯಾಮೆರಾಗೆಂದು ಮೊಬೈಲ್ ಬೇಕೇ ಬೇಕು ಅಂದರೆ ಅದರ ಮೈಕ್ ಆರಿಸಿ, ವಾಲ್ಯೂಮ್ ಕೂಡ ಸೊನ್ನೆ ಮಾಡಿ. ಜನ ಮೈಕ್ ಮಾತ್ರ ಆರಿಸಿ ಸುಮ್ಮನಾಗುತ್ತಾರೆ. ಆ ಮೊಬೈಲಿನ ಸ್ಪೀಕರ್ ಸದ್ದು ಲ್ಯಾಪ್‌ಟಾಪ್ ಮೈಕಿಗೆ ಹೊಕ್ಕು ಮತ್ತೆ ಆ ಕಡೆ ಹೋಗುತ್ತದೆ. ಒಂದು ಗುರುತು ನೆನಪಿಡಿ: ಅವರ ಮಾತು ಅವರಿಗೇ ಮರಳಿ ಕೇಳಿದರೆ ತಪ್ಪು ನಮ್ಮ ಕೋಣೆಯಲ್ಲಿದೆ. ನಮ್ಮ ಮಾತು ನಮಗೆ ಮರಳಿದರೆ ಅವರ ಕೋಣೆಯಲ್ಲಿದೆ. ಇಷ್ಟು ತಿಳಿದರೆ ಅರ್ಧ ತಾಸಿನ ವಾದ ತಪ್ಪುತ್ತದೆ.

ಆಗಸ್ಟ್ 15ಕ್ಕೆ ತೆಗೆಯುವ ಆಂಪ್ಲಿಫೈಯರ್ ಕಪಾಟಿನಲ್ಲೇ ಇರಲಿ. ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ, ಮಾತು ತಡವಾಗಿ ಬರುತ್ತದೆ. ವೈರ್ ಇರುವ ಯುಎಸ್‌ಬಿ ಮೈಕ್ ಒಂದು ಕೊಳ್ಳಿ. ಅಗ್ಗದ ಕಾಲರ್ ಮೈಕ್ ತಂದು ಪಜೀತಿಪಟ್ಟವರು ಬಹಳ. ಅದರ ಪಿನ್ ಮೊಬೈಲಿಗೆ ಮಾಡಿದ್ದು, ಮೈಕಿಗೆ ಬೇರೆ ತೂತಿರುವ ಹಳೆಯ ಕಂಪ್ಯೂಟರಿನಲ್ಲಿ ಸುಮ್ನೆ ಕೂರುತ್ತದೆ, ಕೆಲಸ ಮಾಡುವುದಿಲ್ಲ.

ಮೈಕನ್ನು ಮಕ್ಕಳ ಕಡೆ ಒಯ್ಯಬೇಡಿ, ಮಕ್ಕಳೇ ಮೈಕಿನ ಹತ್ತಿರ ಬರಲಿ. ಬಾಯಿಗೂ ಮೈಕಿಗೂ ಒಂದು ಗೇಣು. ಕೂತಲ್ಲಿಂದ ಕೂಗಿದ್ದು ಬರೀ ಗಲಾಟೆಯಾಗಿ ಕೇಳುತ್ತದೆ. ಇನ್ನು ಹಾರ್ಮೋನಿಯಂ, ಡೊಳ್ಳು: ಈ ಆ್ಯಪ್‌ಗಳು ಅವನ್ನು ಗದ್ದಲ ಎಂದುಕೊಂಡು ಅಳಿಸಿಬಿಡುತ್ತವೆ. ಝೂಮ್‌ನಲ್ಲಿ ಮೂಲ ಧ್ವನಿ ಉಳಿಸುವ ಸೆಟ್ಟಿಂಗ್ ಇದೆ, ಆದರೂ ವಚನ ಹಾಡಿಸುವುದಿದ್ದರೆ ರೆಕಾರ್ಡ್ ಮಾಡಿ ಮೊದಲೇ ಕಳಿಸುವುದು ವಾಸಿ.

ಪರೀಕ್ಷೆ ಮಾಡುವುದು ಹೀಗೆ. ಮಗುವನ್ನು ಮೈಕ್ ಮುಂದೆ ನಿಲ್ಲಿಸಿ ನೀವು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಹೋಗಿ. ಮೊಬೈಲ್ ಡೇಟಾ ಹಾಕಿ, ಇಯರ್‌ಫೋನ್ ಸಿಕ್ಕಿಸಿ ಕೇಳಿ. ಒಳಗೆ ನಿಂತು ‘ಚೆನ್ನಾಗಿದೆ’ ಅನ್ನುವವರಿಗೆ ಏನೂ ಗೊತ್ತಿರುವುದಿಲ್ಲ.

6. ಆ ದಿನ

ರೂಟರ್ ಇನ್ವರ್ಟರ್ ಮೇಲಿರಲಿ. ಝೂಮ್‌ನ ಉಚಿತ ಖಾತೆಗೆ 40 ನಿಮಿಷದ ಮಿತಿ. ಗೂಗಲ್ ಮೀಟ್‌ನಲ್ಲಿ ಮೂರು ಕಡೆಯಿಂದ ಸೇರಿದರೆ 60 ನಿಮಿಷ, ಎರಡೇ ಕಡೆ ಇದ್ದರೆ ಆ ಮಿತಿ ಇಲ್ಲ. ನಾನು ಮೀಟ್ ಬಳಸುತ್ತೇನೆ. ಹೆಡ್‌ಮಾಸ್ಟರ್ ಮಾತು ಒಂದು ನಿಮಿಷ. ಅತಿಥಿಗಳಿಗೆ ಚಹಾ ಕೊಟ್ಟು ಪಕ್ಕದ ಕೋಣೆಯಲ್ಲಿ ಕೂರಿಸಿ. ಕಾಲ್ ಮುಗಿಸುವ ಮೊದಲು, ಮುಂದಿನ ಅಳತೆ ಯಾವತ್ತು ಅಂತ ಮಕ್ಕಳೇ ಆ ಕಡೆಯ ಮಕ್ಕಳನ್ನು ಕೇಳಿ ಬೋರ್ಡ್ ಮೇಲೆ ಬರೆಯಲಿ.