ನೋಟ್ಸ್ ಕೊಡುವುದನ್ನು ನಿಲ್ಲಿಸಿದೆ

"ಟೀಚರ್, ನೋಟ್ಸ್ ಉಂಟಾ?"

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಪ್ಯಾರಲಲ್ ಕಾಲೇಜಿನಲ್ಲಿ, ಅಂದರೆ ರೆಗ್ಯುಲರ್ ಕಾಲೇಜಿಗೆ ಸೇರದೆ ಪರೀಕ್ಷೆ ಕಟ್ಟುವವರಿಗೆ ಪಾಠ ಹೇಳುವ ಖಾಸಗಿ ಕಾಲೇಜಿನಲ್ಲಿ, ನಾನು ಬಿಕಾಂ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡುತ್ತೇನೆ. ಬೆಳಿಗ್ಗೆ ಏಳೂವರೆಗೆ ಕ್ಲಾಸು. ಅದು ಮುಗಿದ ಕೂಡಲೇ ಮಕ್ಕಳು ಬಸ್ಸು ಹಿಡಿದು ಕೆಲಸಕ್ಕೆ ಓಡುತ್ತಾರೆ. ಒಬ್ಬ ಕಾಸರಗೋಡು ಪೇಟೆಯ ಬಟ್ಟೆಯಂಗಡಿಗೆ, ಇನ್ನೊಬ್ಬ ಕೇಟರಿಂಗಿಗೆ, ಮತ್ತೊಬ್ಬಳು ಮನೆ ಹತ್ತಿರ ಅಡಿಕೆ ಸುಲಿಯಲು. ಪಾಪ, ಇವರಿಗೆ ಸಮಯ ಎಲ್ಲಿದೆ ಅಂತ ನಾನೇ ರಾತ್ರಿ ಕೂತು ನೋಟ್ಸ್ ಬರೆದು ಕೊಡುತ್ತಿದ್ದೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಚಿ ಬಂದರೆ ಸಾಕು, ಅರ್ಧದಷ್ಟು ಮಕ್ಕಳ ಪೆನ್ನು ನಿಂತುಬಿಡುತ್ತಿತ್ತು. ತಪ್ಪು ನನ್ನದೇ. ಓದುವ ಕೆಲಸವನ್ನು ಅವರ ಪರವಾಗಿ ನಾನು ಮಾಡುತ್ತಿದ್ದೆ.

ಇನ್ನು ಅವರೇ ಓದಿಕೊಳ್ಳಲಿ ಅಂತ ಮೊದಲು ಮಾಡಿದ್ದು ಟೈಮ್‌ಟೇಬಲ್. ಎಲ್ಲರಿಗೂ ಒಂದೇ, ರಾತ್ರಿ ಒಂಬತ್ತರಿಂದ ಹತ್ತೂವರೆ. ಒಂದೇ ವಾರಕ್ಕೆ ಅದರ ಕತೆ ಮುಗಿಯಿತು. ಓಣಂ, ಪೆರ್ನಾಳ್ (ಈದ್) ಹತ್ತಿರ ಬಂದರೆ ಬಟ್ಟೆಯಂಗಡಿ ಹುಡುಗ ಮನೆಗೆ ಮುಟ್ಟುವಾಗಲೇ ಹತ್ತೂವರೆ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ, ಕೆಲಸ ಯಾವಾಗ ಜಾಸ್ತಿ, ಯಾವಾಗ ಕಮ್ಮಿ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೆ. ಕೇಟರಿಂಗಿನವನಿಗೆ ಏಪ್ರಿಲ್, ಮೇ ತಿಂಗಳಲ್ಲಿ ಪುಸ್ತಕ ಮುಟ್ಟಲೂ ಆಗುವುದಿಲ್ಲ. ಆದರೆ ಆಟಿ ತಿಂಗಳಲ್ಲಿ ನಮ್ಮೂರಲ್ಲಿ ಮದುವೆಯೇ ಇಲ್ಲವಲ್ಲ! ಜುಲೈ ನಡುವಿನಿಂದ ಒಂದು ತಿಂಗಳು ಅವನಿಗೆ ಬಿಡುವೋ ಬಿಡುವು. ಕಷ್ಟದ ಪಾಠಗಳನ್ನೆಲ್ಲ ಅವನು ಆಟಿಗೆ ಇಟ್ಟುಕೊಂಡ. ಇದು ನನಗೆ ಹೊಳೆದದ್ದಲ್ಲ, ಅವನೇ ಹೇಳಿದ್ದು.

ಸಮಯಕ್ಕಿಂತ ದೊಡ್ಡ ತೊಡಕು ಭಾಷೆಯದು. ಇವರಲ್ಲಿ ಹೆಚ್ಚಿನವರು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ತುಳುವೋ ಮಲಯಾಳವೋ ಕನ್ನಡವೋ. ಬಿಕಾಂ ಪುಸ್ತಕ ಮಾತ್ರ ಇಂಗ್ಲಿಷು. ಅರ್ಥವಾಗದ್ದನ್ನು ಬಾಯಿಪಾಠ ಮಾಡುವುದೇ ಓದು ಅಂತ ಅಭ್ಯಾಸ ಆಗಿಬಿಟ್ಟಿತ್ತು. ಹಾಗಾಗಿ ಒಂದು ನಿಯಮ ಮಾಡಿದೆ. ಯಾವ ಪಾಠವಾದರೂ ಸರಿ, ಪುಸ್ತಕ ಮುಚ್ಚಿ, ಮೊದಲು ನಿಮ್ಮ ಮನೆಮಾತಿನಲ್ಲಿ ಹೇಳಿ, ಆಮೇಲೆ ಇಂಗ್ಲಿಷ್. ಉದಾಹರಣೆ ನಿಮ್ಮ ಕೆಲಸದ ಜಾಗದಿಂದಲೇ ಬರಬೇಕು.

ಕೇಟರಿಂಗ್ ಹುಡುಗನಿಗೆ ಡೆಪ್ರಿಸಿಯೇಶನ್ ತಲೆಗೇ ಹೋಗುತ್ತಿರಲಿಲ್ಲ.

"ನಿಮ್ಮ ಧಣಿ ಒಲೆ, ಪಾತ್ರೆಗೆಲ್ಲ 60,000 ರೂಪಾಯಿ ಹಾಕಿದ್ರು ಅಂತ ಇಟ್ಟುಕೋ. ಹತ್ತು ವರ್ಷ ಬಾಳಿಕೆ ಬರ್ತದೆ. ಅಷ್ಟನ್ನೂ ಈ ವರ್ಷದ ಖರ್ಚಿಗೇ ಹಾಕುವುದಾ?"

"ಹಾಗೆ ಹಾಕಿದ್ರೆ ಈ ವರ್ಷ ಬರೀ ಲಾಸ್ ಕಾಣ್ತದೆ ಟೀಚರ್. ವರ್ಷಕ್ಕೆ 6,000 ಹಾಕ್ಬೇಕು."

"ನೀನೀಗ ಹೇಳಿದ್ದೇ ಡೆಪ್ರಿಸಿಯೇಶನ್ ಮಾರಾಯ."

ಪುಸ್ತಕ ಮುಚ್ಚುವುದಕ್ಕೆ ಮಕ್ಕಳು ತುಂಬ ಗೊಣಗಿದರು. ನಾಲ್ಕು ಸಲ ಓದಿದರೆ ಎಲ್ಲ ಗೊತ್ತಾದ ಹಾಗೆ ಅನಿಸುತ್ತದೆ, ಅಲ್ವಾ? ಮುಚ್ಚಿ ಹೇಳಹೊರಟರೆ ಗೊತ್ತಿಲ್ಲದ್ದು ಬಯಲಾಗುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರಿಗೆ ಹೇಳಿದೆ. ಓದಿ ಐದೇ ನಿಮಿಷಕ್ಕೆ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ಪುಸ್ತಕ ನೋಡದೆ ನೆನಪು ಮಾಡಿ ಬರೆದವರು ಮುಂದಾದರು. "ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲವಲ್ಲ ಟೀಚರ್" ಅಂತ ಬಟ್ಟೆಯಂಗಡಿಯವನೇ ಹೇಳಿದ. ಆಮೇಲೆ ಗೊಣಗಾಟ ಸ್ವಲ್ಪ ಕಮ್ಮಿಯಾಯಿತು.

ನನಗೆ ತುಂಬ ಖುಷಿ ಕೊಟ್ಟದ್ದು ಅಡಿಕೆ ಸುಲಿಯುವ ಹುಡುಗಿ. ಸುಲಿದ ಅಡಿಕೆಯ ಕಿಲೋ ಲೆಕ್ಕಕ್ಕೆ ಕೂಲಿ, ಆದ್ದರಿಂದ ಕೈ ನಿಲ್ಲಿಸುವ ಹಾಗಿಲ್ಲ. ಆದರೆ ಕಿವಿ, ಬಾಯಿ ಎರಡೂ ಖಾಲಿ. ಪಾಠ ಓದಿ ಹತ್ತು ಪ್ರಶ್ನೆ ಮಾಡಿ, ಅವನ್ನು ಮೊಬೈಲಿನಲ್ಲಿ ತನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡಳು. ಒಂದು ಪ್ರಶ್ನೆ, ಆಮೇಲೆ ಅರ್ಧ ನಿಮಿಷ ಸುಮ್ನೆ ಬಿಟ್ಟು ಮುಂದಿನದು. ಅಡಿಕೆ ಸುಲಿಯುತ್ತಾ ಆ ಅರ್ಧ ನಿಮಿಷದಲ್ಲಿ ಉತ್ತರ ಹೇಳುವುದು. ಬಾರದ್ದನ್ನು ರಾತ್ರಿ ನೋಡಿಕೊಳ್ಳುವುದು. ಪಕ್ಕದಲ್ಲಿ ಕೂತು ಸುಲಿಯುವ ಹೆಂಗಸರು ಮೊದಲು ನಕ್ಕರಂತೆ. ಕೊನೆಗೆ ಅವರೇ "ಇದಕ್ಕೆ ನಿನ್ನೆಯೂ ಉತ್ತರ ಬರಲಿಲ್ಲ ನಿನಗೆ" ಅನ್ನತೊಡಗಿದರಂತೆ.

ನೋಟ್ಸನ್ನು ಒಂದೇ ದಿನ ನಿಲ್ಲಿಸಲಿಲ್ಲ. ಮೊದಲು ಪೂರ್ತಿ ನೋಟ್ಸ್, ಆಮೇಲೆ ಬರೀ ತಲೆಬರಹ, ಕೊನೆಗೆ ಪುಸ್ತಕದ ಪುಟಸಂಖ್ಯೆ ಮಾತ್ರ. ಒಬ್ಬರ ತಂದೆ ಬಂದು "ಫೀಸ್ ತಗೊಂಡು ಮಕ್ಕಳ ಹತ್ರವೇ ಓದಿಸ್ತೀರಾ ಟೀಚರ್?" ಅಂತ ಕೇಳಿದರು. ಹೌದು ಅಂದೆ. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಎಲ್ಲರಿಗೂ ಇದು ಕೈಹಿಡಿಯಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡುವವನೊಬ್ಬ ಇದ್ದ. ಕ್ಯಾಲೆಂಡರ್, ರೆಕಾರ್ಡಿಂಗ್ ಎಲ್ಲ ಮಾಡಿಸಿದೆ. ಕ್ಲಾಸಿಗೆ ಬಂದು ಬೆಂಚಿಗೆ ತಲೆ ಇಟ್ಟರೆ ನಿದ್ದೆ. ನಿದ್ದೆಗೆಟ್ಟವನಿಗೆ ಯಾವ ಉಪಾಯ ಹೇಳಿ ಏನು ಪ್ರಯೋಜನ? ಕೊನೆಗೆ ಪಾಳಿ ಬದಲಿಸಿಕೊಡಲು ಆಗುತ್ತದಾ ಅಂತ ಧಣಿಯ ಹತ್ತಿರ ಕೇಳಿ ನೋಡು ಅಂದೆ. ಕೇಳಲು ಹೆದರಿದ. ಎರಡು ವಾರ ಬಿಟ್ಟು ಹೇಗೋ ಕೇಳಿದ. ಈಗ ವಾರದಲ್ಲಿ ಮೂರು ದಿನ ಹಗಲು ಪಾಳಿ ಸಿಕ್ಕಿದೆ. ಆ ಮೂರು ದಿನದ ಕ್ಲಾಸಿನಲ್ಲಿ ಎಚ್ಚರವಾಗಿರುತ್ತಾನೆ.